ಐನೂರ ನಲವತ್ತಮೂರು ವರ್ಷ ಮುಂದಿನ ಎದೆ

ಪಾ ಥೋಂಗ್‌ಬೈಯ ಎದೆ ಕಳುವಾಗಿದೆ ಎಂದು ನಮಗೆ ತಿಳಿದದ್ದು ಬುಧವಾರ ಬೆಳಗ್ಗೆ ಹತ್ತೂಕಾಲಿಗೆ, ಕಾರ್ಮಿಕ ಕಚೇರಿಯ ಎರಡನೇ ಮಹಡಿಯಲ್ಲಿ.

ಅಧಿಕಾರಿ ಸುಮಾಲೈ, ಮರ್ಯಾದೆಗೆ ಖುನ್ ಸುಮಾಲೈ, ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎರಡು ಶ್ವಾಸಕೋಶ. ತೊಳೆದಿಟ್ಟ ತಟ್ಟೆಯಷ್ಟು ಚೊಕ್ಕ. ಮೂಲೆಯಲ್ಲಿ ಪಾ ಹೆಸರು. ದಿನಾಂಕ 8 ಜುಲೈ 2567, ಅಂದರೆ ನಮ್ಮ ಬುದ್ಧವರ್ಷದ ಲೆಕ್ಕದಲ್ಲಿ ಹೋದ ತಿಂಗಳು.

"ರೋಗದ ಗುರುತೇ ಇಲ್ವಲ್ಲ," ಎಂದರು.

ಮೇಜಿನ ಈಚೆ ಪಾ ಕೆಮ್ಮುತ್ತಿದ್ದಳು. ನಮಗೆಲ್ಲ ದೊಡ್ಡಮ್ಮನಂಥವಳು, ಆದ್ದರಿಂದ ಪಾ. ಹತ್ತೊಂಬತ್ತು ವರ್ಷ ಜಲ್ಲಿ ಕ್ರಷರಿನ ಜರಡಿಯ ಕೆಳಗೆ ಕಲ್ಲಿನ ಧೂಳು ಕುಡಿಯುತ್ತ ನಿಂತವಳು.

"ಗುರುತು ಬೇಕಾ ತಾಯಿ? ಬನ್ನಿ, ಇಲ್ಲಿ ಕಿವಿ ಇಡಿ," ಎಂದು ಎದೆ ಮುಟ್ಟಿಕೊಂಡಳು.

ಖುನ್ ಸುಮಾಲೈ ಕಿವಿ ಇಡಲಿಲ್ಲ. ಮೂರು ಗಂಟೆಗೆ ಕೊನೆಯ ವಿಚಾರಣೆ. ನಾಲ್ಕಕ್ಕೆ ಸಹಿ. 'ಕೆಲಸದಿಂದ ಬಂದ ರೋಗವಲ್ಲ' ಎಂದು ಸಹಿ ಬಿದ್ದರೆ ಚಿಕಿತ್ಸೆ ಇಲ್ಲ; ಸೋಮವಾರ ಪಾ ಮತ್ತೆ ಅದೇ ಜರಡಿಯ ಕೆಳಗೆ. ಎಷ್ಟು ಸೋಮವಾರ ಉಳಿದಿದ್ದವು ಅವಳಿಗೆ?

"ಹಾಳೆ ಬಿಡಿ," ಎಂದೆ ನಾನು. ನಾನು ಲಮೈ, ಅದೇ ಕ್ರಷರಿನಲ್ಲಿ ಬೆಲ್ಟ್ ಕಾಯುವವಳು, ಸಂಘದ ಕಾರ್ಯದರ್ಶಿ. "ಡಿಸ್ಕ್ ಇದೆಯಲ್ಲ? ಅದನ್ನ ನೋಡಿದ್ರಾ?"

"ನಮ್ಮ ಕಂಪ್ಯೂಟರಲ್ಲಿ ತೆರೆಯೋದೇ ಇಲ್ಲ. ಫೈಲ್ ಕೆಟ್ಟಿರಬೇಕು."

ಆ ಡಿಸ್ಕಿಗಾಗಿ ನಾವು ಮೂರು ದಿನ ಕ್ರಷರಿನ ಗೇಟಿನ ಮುಂದೆ ಕೂತಿದ್ದೆವು. ಬಿಸಿಲಲ್ಲಿ. ಕೊನೆಗೆ ಅದನ್ನು ಕೊಡುವಾಗ ಕಂಪನಿಯ ಸುರಕ್ಷತಾ ಅಧಿಕಾರಿ ಖುನ್ ವೊರವಿತ್ ನಕ್ಕಿದ್ದ. ಯಾಕೆ ನಕ್ಕ ಎಂದು ಈಗ ಅರ್ಥವಾಯಿತು. ಬೀಗ ಹಾಕಿದ ಪೆಟ್ಟಿಗೆ ಕೊಟ್ಟು, 'ತಗೊಳ್ಳಿ ನಿಮ್ಮ ಹಕ್ಕು' ಎಂದಿದ್ದ ಅಷ್ಟೇ.

ಡಿಸ್ಕ್ ಕೇಳಿ ಪಡೆದು, ಪಾಳನ್ನೂ ಕರೆದುಕೊಂಡು ಕೆಳಗಿಳಿದೆ. ಕಚೇರಿಯ ಎದುರೇ ಜೇ ಹುವೈಯ ಜೆರಾಕ್ಸ್ ಅಂಗಡಿ. ಊರಿಗೆಲ್ಲ ಅಕ್ಕ, ಜೇ. ಮೂವತ್ತು ವರ್ಷದಿಂದ ಜಿಲ್ಲೆಯ ಅರ್ಜಿಗಳನ್ನೆಲ್ಲ ನಕಲು ತೆಗೆಯುತ್ತ ತೆಗೆಯುತ್ತ ಓದಿದವಳು. ಯಾವ ಸಹಿ ಅಸಲು, ಯಾವ ಮೊಹರು ಇನ್ನೂ ಹಸಿ, ನೋಡಿದ ಕೂಡಲೇ ಹೇಳುತ್ತಾಳೆ.

ಪ್ಲಾಸ್ಟಿಕ್ ಚೀಲದ ಐಸ್ ಕಾಫಿಯನ್ನು ಕೊಳವೆಯಲ್ಲಿ ಹೀರುತ್ತ ಡಿಸ್ಕ್ ಹಾಕಿದಳು. ಒಂದೇ ಫೈಲು. ಹೆಸರಿಗೆ ಬಾಲವೇ ಇಲ್ಲ. ಒತ್ತಿದರೆ ಕಂಪ್ಯೂಟರ್ ತಿರುಗಿ ಕೇಳುತ್ತದೆ: ಯಾವುದರಲ್ಲಿ ತೆರೆಯಲಿ?

"ಹೆಸರಿನ ಕೊನೆಗೆ ಜೆಪಿಜಿ ಅಂತ ಸೇರಿಸು ಜೇ," ಎಂದೆ.

"ಅಂಗಿ ಬದಲಾಯಿಸಿದ್ರೆ ಆಳು ಬದಲಾಗ್ತಾನೇನೇ?" ಆದರೂ ಸೇರಿಸಿ ನೋಡಿದಳು. ತೆರೆಯಲಿಲ್ಲ. "ನೋಡು. ಹೆಸರು ಕೇಳಬಾರದು, ಹೊಟ್ಟೆ ಬಗೆದು ನೋಡಬೇಕು."

ಬರೀ ಅಕ್ಷರ ಬರೆಯುವ ಪ್ರೋಗ್ರಾಮಿನಲ್ಲಿ ಫೈಲನ್ನು ತೆರೆದಳು. ಪರದೆ ತುಂಬ ಹರಕುಮುರುಕು ಗುರುತುಗಳು. ಆದರೆ ಮೊದಲಿಗೆ ಒಂದಿಷ್ಟು ಖಾಲಿ ಜಾಗ, ಆಮೇಲೆ ನಾಲ್ಕೇ ಅಕ್ಷರ — ಡಿ, ಐ, ಸಿ, ಎಂ.

"ಡೈಕಾಮ್. ಆಸ್ಪತ್ರೆ ಚಿತ್ರ ಇದು. ಕೆಟ್ಟಿಲ್ಲ, ಗಟ್ಟಿಮುಟ್ಟಾಗಿದೆ. ಇದನ್ನ ನೋಡೋ ಕನ್ನಡಕ ಬೇರೆ, ಅಷ್ಟೇ."

ಆ ಕನ್ನಡಕವನ್ನು ಅಂತರ್ಜಾಲದಿಂದ ಪುಕ್ಕಟೆಯಾಗಿ ಇಳಿಸಿಕೊಂಡಳು. ಫೈಲು ಸೇರಿಸಿದಳು. 'ಒಂದು ಚಿತ್ರ ಸೇರಿತು' ಎಂದಿತು. ಪಟ್ಟಿ ನೋಡಿದರೆ ಖಾಲಿ!

"ನುಂಗಿತು, ಕಕ್ಕುತ್ತಿಲ್ಲ," ಎಂದು ಜೇ ಹುಬ್ಬು ಗಂಟಿಕ್ಕಿದಳು. ಪಟ್ಟಿಯ ಮೇಲೆ ಒಂದು ಸಾಲು ಇತ್ತು: ಇವತ್ತಿನವರೆಗಿನ ಚಿತ್ರಗಳು. ಅದನ್ನು ಒತ್ತಿ 'ಎಲ್ಲ ದಿನಾಂಕ' ಎಂದು ಬದಲಿಸಿದಳು.

ಚಿತ್ರ ಪುಟಿದೆದ್ದಿತು. ಅದೇ ಎರಡು ಶ್ವಾಸಕೋಶ. ಚೊಕ್ಕ.

ನಾನು ಡಿಸ್ಕ್ ತೆಗೆಯಲು ಕೈ ಚಾಚಿದೆ. "ಮುಗೀತು ಬಿಡು ಜೇ. ಹಾಳೇಲಿ ಇದ್ದದ್ದೇ ಇಲ್ಲೂ ಇದೆ."

ಜೇ ಕೇಳಿಸಿಕೊಳ್ಳಲಿಲ್ಲ. ಚಿತ್ರದ ಬೆನ್ನಿಗೆ ಅಂಟಿಕೊಂಡು ಬಂದ ವಿವರಗಳ ಪಟ್ಟಿ ತೆರೆದು ಒಂದೊಂದೇ ಸಾಲು ಓದುತ್ತಿದ್ದಳು. ಒಂದು ಕಡೆ ಬೆರಳಿಟ್ಟಳು: 25670708.

"ಸರಿಯಾಗೇ ಇದೆ," ಎಂದೆ. "ಪಾ ಎಕ್ಸ್‌ರೇ ವ್ಯಾನ್ ಹತ್ತಿದ ದಿನವೇ."

"ಸರಿಯಾಗಿದೆ. ಅದೇ ಸರಿ ಇಲ್ಲ." ಕಾಫಿ ಕೆಳಗಿಟ್ಟಳು. "ಇದು ಯಾರ್ಯಾರ ಕೈ ದಾಟಿ ಬಂತು?"

"ನಮ್ಮದು ಬಿಟ್ರೆ ಮೂರು ಕೈ. ವ್ಯಾನಿನಲ್ಲಿ ಚಿತ್ರ ತೆಗೆದ ಪ್ರಚ್ಯಾ. ಅವನಿಂದ ಖುನ್ ವೊರವಿತ್. ಅಲ್ಲಿಂದ ಖುನ್ ಸುಮಾಲೈ. ಪ್ರಚ್ಯಾನೇ ಮಾಡಿರೋದು! ಅವನ ವ್ಯಾನಿಗೆ ಬಾಡಿಗೆ ಕೊಡೋದು ಕಂಪನಿ ತಾನೇ?"

"ಕೂಗಬೇಡ. ಫೋನ್ ಹಚ್ಚು."

ಪ್ರಚ್ಯಾ ಫೋನ್ ಎತ್ತಿದ, ಮಾತಾಡಲು ಹಿಂಜರಿದ. ಜೇ ಬಿಡಲಿಲ್ಲ.

"ದಿನಾಂಕ ನೀನು ಟೈಪ್ ಮಾಡ್ತೀಯಾ?"

"ಇಲ್ಲ ಜೇ. ಯಂತ್ರದ ಗಡಿಯಾರ ತಾನೇ ಹಾಕುತ್ತೆ."

"ನಮ್ಮ ವರ್ಷವೋ, ಹೊರಗಿನ ವರ್ಷವೋ?"

"ಹೊರಗಿನದು. 2024. ನಮ್ಮ ವರ್ಷ ಹಾಕಿದ್ರೆ ಯಂತ್ರ ಕೂಗಾಡುತ್ತೆ."

"ಈ ಕ್ರಷರಿಗೆ ಬರೋಕೆ ಶುರು ಮಾಡಿ ಎಷ್ಟು ವರ್ಷ?"

"ಆರು. ಯಾಕೆ ಜೇ? ನಾನು ತೆಗೆದ ಚಿತ್ರದಲ್ಲಿ ಎದೆ ತುಂಬ ಬಿಳಿ ಚುಕ್ಕೆ ಇತ್ತು. ಕಂಪನಿಯವರ ಕೈಗೇ ಕೊಟ್ಟೆ. ದೇವರಾಣೆ."

ಫೋನ್ ಇಟ್ಟು ಜೇ ಪಾ ಕಡೆ ತಿರುಗಿದಳು. "ಪಾ, ವ್ಯಾನ್ ಬರೋಕೆ ಮುಂಚೆ ಎಕ್ಸ್‌ರೇ ಎಲ್ಲಿ ತೆಗೀತಿದ್ರು?"

"ಕ್ರಷರಿನ ದವಾಖಾನೇಲೇ. ಒಂದು ಹಳೇ ಯಂತ್ರ ಇತ್ತು. ಆಮೇಲೆ ಗುಜರಿಗೆ ಹಾಕಿದ್ರು."

"ಆ ಹಳೇ ಚಿತ್ರಗಳು?"

"ಅವುಗಳ ಡಿಸ್ಕೆಲ್ಲ ಸುರಕ್ಷತಾ ಕೋಣೆಯ ಕಪಾಟಿನಲ್ಲಿ. ಬೀಗದ ಕೈ ಖುನ್ ವೊರವಿತ್ ಸೊಂಟದಲ್ಲಿ."

ಜೇ ಒಂದು ಪುಟ ಮುದ್ರಿಸಿ ಮಡಚಿಕೊಂಡಳು. "ನಡೀರಿ."

ಮೂರು ಗಂಟೆ. ಖುನ್ ವೊರವಿತ್ ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ಕೂತಿದ್ದ. ಮೆಟ್ಟಿಲಿನುದ್ದಕ್ಕೂ ನಮ್ಮ ಪಾಳಿಯ ನಲವತ್ತು ಜನ. ಒಳಗೆ ಬಿಡಲಿಲ್ಲ, ಅವರು ಕದಲಲೂ ಇಲ್ಲ.

"ಈಯಮ್ಮ ಯಾರು? ಡಾಕ್ಟರಾ?" ಎಂದ ವೊರವಿತ್.

"ಜೆರಾಕ್ಸ್ ಅಂಗಡಿಯವಳಪ್ಪ. ನಕಲು ಗುರುತಿಸೋದು ನನ್ನ ಕಸುಬು," ಎಂದು ಜೇ ಮುದ್ರಿಸಿದ ಪುಟವನ್ನು ಖುನ್ ಸುಮಾಲೈ ಮುಂದೆ ಇಟ್ಟಳು. "ಫೈಲ್ ಕೆಟ್ಟಿಲ್ಲ. ತೆರೀತು. ಇಲ್ಲಿ ಓದಿ. ತೆಗೆದ ದಿನ?"

"2567, ಜುಲೈ 8. ಸರಿಯಾಗಿದೆಯಲ್ಲ?"

"ನಾವೆಲ್ಲ ಹಾಗೇ ಅಂದುಕೊಂಡ್ವಿ. ಹುಟ್ಟಿದಾಗಿನಿಂದ ಬುದ್ಧನ ವರ್ಷದಲ್ಲೇ ಲೆಕ್ಕ ಹಾಕೋ ಕಣ್ಣಿಗೆ ಅದು ತಪ್ಪು ಅಂತ ಕಾಣೋದೇ ಇಲ್ಲ. ಆದರೆ ಯಂತ್ರಕ್ಕೆ ಬುದ್ಧ ಗೊತ್ತಿಲ್ಲ ಖುನ್ ಸುಮಾಲೈ! ಅದಕ್ಕೆ ಇದು 2024. ಅದು ತಾನಾಗೇ ದಿನಾಂಕ ಹಾಕಿದ್ದಿದ್ರೆ 2024 ಅಂತಲೇ ಇರಬೇಕಿತ್ತು. ನನ್ನ ಕಂಪ್ಯೂಟರ್ ಈ ಚಿತ್ರ ತೋರಿಸೋಕೇ ಒಪ್ಪಲಿಲ್ಲ — ಅದರ ಲೆಕ್ಕದಲ್ಲಿ ಈ ಎದೆ ಹುಟ್ಟೋಕೆ ಇನ್ನೂ ಐನೂರ ನಲವತ್ತಮೂರು ವರ್ಷ ಇದೆ. ಅಂದ್ರೆ ಈ ದಿನಾಂಕ ಯಂತ್ರ ಹಾಕಿದ್ದಲ್ಲ. ಮನುಷ್ಯನ ಕೈ ಒತ್ತಿದ್ದು."

"ಟೈಪಿಂಗ್ ತಪ್ಪು," ಎಂದ ವೊರವಿತ್. "ವ್ಯಾನಿನವನು ಮಾಡಿರ್ತಾನೆ."

"ದಿನವಿಡೀ 2024ರಲ್ಲಿ ಕೆಲಸ ಮಾಡೋನು ಕಳ್ಳತನ ಮಾಡಿದ್ರೂ 2024 ಅಂತಲೇ ಹಾಕ್ತಿದ್ದ. ಆ ಯಂತ್ರ ಮುಟ್ಟದ ಕೈ ಮಾತ್ರ ಈ ತಪ್ಪು ಮಾಡುತ್ತೆ. ಇನ್ನೊಂದು ಸಾಲು ಓದಿ. ಯಾರೂ ಮುಟ್ಟದೆ ಉಳಿದದ್ದು."

ಖುನ್ ಸುಮಾಲೈ ಕನ್ನಡಕ ಸರಿಮಾಡಿಕೊಂಡರು. "ಚಿತ್ರ ಮೂಡಿದ ದಿನ... 20140612."

"ಹತ್ತು ವರ್ಷ ಹಿಂದೆ. ಆಗ ವ್ಯಾನೂ ಇಲ್ಲ, ಪ್ರಚ್ಯಾನೂ ಇಲ್ಲ. ನಿಮ್ಮ ಹತ್ರ ಹಳೇ ಚಿತ್ರ ಬರೋಕೆ ದಾರಿಯೇ ಇಲ್ಲ. ಅದು ಇದ್ದದ್ದು ಒಂದೇ ಕಪಾಟಿನಲ್ಲಿ." ಜೇ ವೊರವಿತ್ ಕಡೆ ತಿರುಗಿದಳು. "ಕಣ್ಣಿಗೆ ಬೀಳೋ ದಿನಾಂಕ ಬದಲಾಯಿಸಿದೆ, ಒಳಗಿನದು ಇದೆ ಅಂತಲೇ ನಿನಗೆ ಗೊತ್ತಿರಲಿಲ್ಲ. ಜಲ್ಲಿ ಒಡೆಯೋ ಹೆಂಗಸರು ಇದನ್ನ ತೆರೀತಾರೆ ಅಂತಲೂ ಗೊತ್ತಿರಲಿಲ್ಲ. ಅಲ್ವಾ ಖುನ್ ವೊರವಿತ್?"

ಪಾ ಮೇಜಿನ ಮೇಲಿನ ಹಾಳೆಯನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದಳು.

"ಇದು ನನ್ನದೇನಾ? ಇಷ್ಟು ಚೆನ್ನಾಗಿತ್ತಾ?" ಎಂದಳು. "ನನ್ನ ಒಳ್ಳೇ ಎದೆ ಕದ್ದು ತಂದು, ನನ್ನ ಕೆಟ್ಟ ಎದೆ ಮೇಲೆ ಮುಚ್ಚಿದೆಯಲ್ಲೋ!"

"ಇದೆಲ್ಲ ಮೇಲಿನವರ—" ಎಂದು ವೊರವಿತ್ ಶುರುಮಾಡಿದ.

"ಮೇಲಿನವರನ್ನ ಆಮೇಲೆ ಕೇಳ್ತೀವಿ. ಈಗ ನೀನು ಏಳು," ಎಂದಳು ಪಾ. "ಸರ್ಕಾರಿ ಆಸ್ಪತ್ರೆ ಎರಡು ಬೀದಿ ಆಚೆ. ಇಬ್ರೂ ಹೋಗಿ ಯಂತ್ರದ ಮುಂದೆ ನಿಲ್ಲೋಣ. ಹತ್ತೊಂಬತ್ತು ವರ್ಷ ಒಂದೇ ಗೇಟು ದಾಟಿದೀವಿ. ನೀನು ಏಸಿ ಕೋಣೆಗೆ, ನಾನು ಜರಡಿ ಕೆಳಗೆ. ಎರಡೂ ಎದೆ ಅಕ್ಕಪಕ್ಕ ಇಟ್ಟು ನೋಡಲಿ ಇವರು. ಏಳಯ್ಯ!"

ವೊರವಿತ್ ಏಳಲಿಲ್ಲ. ಕುರ್ಚಿಯ ಕೈ ಹಿಡಿದು ಕೂತೇ ಇದ್ದ.

ಖುನ್ ಸುಮಾಲೈ ಸಹಿಗೆ ಸಿದ್ಧವಾಗಿದ್ದ ತೀರ್ಪನ್ನು ಪಕ್ಕಕ್ಕೆ ಸರಿಸಿದರು. ಖಾಲಿ ಕಾಗದ ತೆಗೆದರು. ಇವತ್ತೇ ಹೊಸ ಎಕ್ಸ್‌ರೇ; ಕಪಾಟಿಗೆ ಸರ್ಕಾರದ ಮೊಹರು; ಪೊಲೀಸರಿಗೆ ದೂರು. ಬರೆದು ಪಾ ಕೈಗೆ ಕೊಡುವಾಗ, "ಗಾಡಿ ಕರೆಸಲಾ?" ಎಂದು ಕೇಳಿದರು.

"ಬೇಡ. ನಡೆದೇ ಹೋಗ್ತೀನಿ. ಊರು ನೋಡಲಿ."

ಮೆಟ್ಟಿಲಲ್ಲಿ ಮೂರು ಕಡೆ ಕೆಮ್ಮು ಅವಳನ್ನು ನಿಲ್ಲಿಸಿತು. ಮೂರು ಕಡೆಯೂ ಎಲ್ಲರೂ ನಿಂತೆವು. ಯಾರೂ ಅವಳ ತೋಳು ಹಿಡಿಯಲಿಲ್ಲ. ಹಿಡಿಯಲು ಅವಳು ಬಿಡುತ್ತಲೂ ಇರಲಿಲ್ಲ. ಕೆಮ್ಮು ಮುಗಿಯಿತು. ಪಾ ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟಳು.