ಕಿಟಕಿ ಮುಚ್ಚಿದ ಕೋಣೆಗೆ ಬೆಳಕು

“ಆ ಒಳಕೋಣೆಗೆ ಲೈಟ್ ಹಾಕಬೇಡಪ್ಪ. ಹೇಗಿದೆಯೋ ಹಾಗೇ ಫೋಟೋ ತೆಕ್ಕೊಂಡು ಹೋಗು.”

ಹಿಂಬಾಗಿಲ ಹತ್ತಿರ ಕೂತು ಸೊಪ್ಪು ಬಿಡಿಸುತ್ತಿದ್ದ ಹೆಂಗಸು ತಲೆಯೆತ್ತದೆ ಹೇಳಿದಳು. ಅವಳು ಮನೆ ಯಜಮಾನನ ಅತ್ತಿಗೆ, ತೀರಿಹೋದ ಅಣ್ಣನ ಹೆಂಡತಿ. ಫೋಟೋದವನು ಕ್ಯಾಮೆರಾ ಸ್ಟ್ಯಾಂಡಿನ ಕಾಲು ಬಿಚ್ಚುತ್ತಲೇ ನಕ್ಕ. ಇರುವುದನ್ನು ಇರುವ ಹಾಗೆ ತೆಗೆಯುವುದಾದರೆ ತನ್ನನ್ನೇಕೆ ಕರೆಸಬೇಕಿತ್ತು, ಮೊಬೈಲ್ ಹಿಡಿದ ಯಾವನಾದರೂ ಸಾಕಿತ್ತಲ್ಲ ಎಂದ.

ಅವನ ನಗುವಿಗೆ ಕಾರಣವಿತ್ತು. ಮದುವೆ ಫೋಟೋ ಬಿಟ್ಟು ಮಾರಾಟದ ಮನೆಗಳ ಫೋಟೋಕ್ಕೆ ಇಳಿದು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಬ್ರೋಕರುಗಳು ಅವನನ್ನು ಹೊಗಳಿ ಅಟ್ಟಕ್ಕೇರಿಸಿದ್ದರು. ಫ್ಲಾಶನ್ನು ನೇರವಾಗಿ ಹೊಡೆಯಬಾರದು, ಬಿಳಿ ಚಾವಣಿಗೆ ಹೊಡೆದು ಅಲ್ಲಿಂದ ಕೆಳಗೆ ಸುರಿಸಬೇಕು. ಇನ್ನೊಂದು ದೀಪವನ್ನು ಬಾಗಿಲ ಹಿಂದೆ ಅಡಗಿಸಬೇಕು. ಕಿಟಕಿಗೆ ಒಂದು ಫೋಟೋ, ಕೋಣೆಗೊಂದು, ಮೂಲೆಗಳಿಗೆ ಮತ್ತೊಂದು ತೆಗೆದು ಕಂಪ್ಯೂಟರಿನಲ್ಲಿ ಎಲ್ಲವನ್ನೂ ಸೇರಿಸಬೇಕು. ನೋಡಿದವರಿಗೆ ಸೂರ್ಯನೇ ಆ ಮನೆಯಲ್ಲಿ ಬಾಡಿಗೆಗಿದ್ದಾನೆ ಅನ್ನಿಸಬೇಕು. ಇಂಥವನಿಗೆ ಲೈಟ್ ಹಾಕಬೇಡ ಎನ್ನುವುದು ದರ್ಜಿಗೆ ಸೂಜಿ ಮುಟ್ಟಬೇಡ ಎಂದ ಹಾಗಾಯಿತು.

ಅತ್ತಿಗೆ ದನಿ ತಗ್ಗಿಸಿದಳು. ಅದು ತನ್ನ ನಾದಿನಿ ಇದ್ದ ಕೋಣೆ, ಸಾಯುವ ಮೊದಲು ಅವಳು ಅಲ್ಲಿ ಮಾಟ ಮಾಡಿಟ್ಟು ಹೋಗಿದ್ದಾಳೆ, ಆ ಕತ್ತಲನ್ನು ಮರೆಮಾಡಲು ಹೋದವರ ಕಣ್ಣಿಗೆ ಅದೇ ಕತ್ತಲು ಸೇರಿಕೊಳ್ಳುತ್ತದೆ ಎಂದಳು. ಹೋದ ತಿಂಗಳು ಅಲ್ಲಿ ದೀಪ ಹಿಡಿದು ಬಿಳಿ ಬಣ್ಣ ಬಳಿದ ಪೇಂಟರ್ ಈಗ ಮಗಳ ಕೈ ಹಿಡಿದುಕೊಂಡು ರಸ್ತೆ ದಾಟುತ್ತಾನಂತೆ.

“ಪೊರೆ ಬಂದಿರುತ್ತೆ ಅಮ್ಮಾ. ಆಪರೇಷನ್ ಮಾಡಿಸ್ಕೊಳ್ಳೋಕೆ ಹೇಳಿ.”

ಅಷ್ಟರಲ್ಲಿ ಯಜಮಾನ ಬಂದ. ಅತ್ತಿಗೆ ಬಾಯಿ ಮುಚ್ಚಿ ಸೊಪ್ಪಿನ ಕಡೆ ತಿರುಗಿದಳು. ಯಜಮಾನ ಇಸ್ತ್ರಿ ಮುರಿಯದ ಅಂಗಿಯ, ಬೆಣ್ಣೆಯಂಥ ಮಾತಿನ ಮನುಷ್ಯ. ಒಳಕೋಣೆ ಮೊದಲು ಸಾಮಾನಿನ ಕೋಣೆಯಾಗಿತ್ತು, ಫೋಟೋದಲ್ಲಿ ಮಾತ್ರ ಅದು ಮಲಗುವ ಕೋಣೆಯ ಹಾಗೆ ಕಾಣಬೇಕು, ಕೊಳ್ಳುವವರು ದೂರದಲ್ಲಿದ್ದಾರೆ, ಫೋಟೋ ನೋಡಿಯೇ ಒಪ್ಪುತ್ತಾರೆ ಎಂದು ವಿವರಿಸಿದ. ಉಳಿದೆಲ್ಲ ಕೋಣೆಗಳಿಗೂ ಜೊತೆಯಲ್ಲಿ ಬಂದವನು ಅದೊಂದರ ಹೊಸ್ತಿಲ ಹೊರಗೆ ನಿಂತುಬಿಟ್ಟ. ಬಣ್ಣದ ವಾಸನೆ ತನಗೆ ಆಗಿಬರುವುದಿಲ್ಲ ಎಂದು ಮೂಗಿಗೆ ಕರವಸ್ತ್ರ ಒತ್ತಿಕೊಂಡ.

ಒಳಗೆ ಬಣ್ಣದ ವಾಸನೆಯೇನೋ ಇತ್ತು. ಅದರ ಅಡಿಯಲ್ಲಿ ಬೇರೊಂದು ವಾಸನೆಯೂ ಇತ್ತು. ಒದ್ದೆ ಸುಣ್ಣ, ಎಷ್ಟೋ ಕಾಲದಿಂದ ತೊಳೆಯದ ತಲೆಗೂದಲು, ಸುಟ್ಟ ಬತ್ತಿ, ಎಲ್ಲ ಕಲಸಿದಂಥದ್ದು. ಗೋಡೆಗಳು ಬಿಳಿ, ಚಾವಣಿಯೂ ಬಿಳಿ. ಕಿಟಕಿಯಿದ್ದ ಜಾಗಕ್ಕೆ ಇಟ್ಟಿಗೆ ಕಟ್ಟಿ ಗಾರೆ ಮೆತ್ತಿದ ಗುರುತು ಬಣ್ಣದಡಿಯಲ್ಲೂ ಕಾಣುತ್ತಿತ್ತು. ಹೊರಗೆ ಸುಡುವ ಮಧ್ಯಾಹ್ನ. ಒಳಗೆ ಎಡಮೂಲೆಯಲ್ಲಿ ಕತ್ತಲು ಮೂಟೆ ಕಟ್ಟಿಟ್ಟ ಹಾಗೆ ಕೂತಿತ್ತು.

ಅವನು ಫ್ಲಾಶನ್ನು ಚಾವಣಿಗೆ ತಿರುಗಿಸಿ ಹೊಡೆದ. ನಡುಮನೆಯಲ್ಲಿ ಇದೇ ಫ್ಲಾಶ್ ಸಂದಿಗೊಂದಿಯನ್ನೆಲ್ಲ ತೊಳೆದಿಟ್ಟಿತ್ತು. ಇಲ್ಲಿ ಮೇಲೆ ಹೋದ ಬೆಳಕು ಕೆಳಗೆ ಬರಲೇ ಇಲ್ಲ. ಪವರ್ ಹೆಚ್ಚಿಸಿದ. ಎರಡನೆಯ ದೀಪವನ್ನು ಬಾಗಿಲ ಹಿಂದೆ ಇಟ್ಟ. ಉಳಿದ ಕೋಣೆ ಬೆಳಗಿತು, ಮೂಲೆ ಮಾತ್ರ ಜಗ್ಗಲಿಲ್ಲ. ಫ್ಲಾಶ್ ಮತ್ತೆ ಚಾರ್ಜ್ ಆಗುವ ಕೀಚಲು ಸದ್ದಿನ ನಡುವೆ ಏನೋ ಕೆರೆದಂತಾಯಿತು. ಗಾರೆಯ ಮೇಲೆ ಉಗುರು ಎಳೆದ ಹಾಗೆ. ಇಲಿ ಇರಬೇಕೆಂದುಕೊಂಡ. ಹಟ ಹತ್ತಿತ್ತು. ಬ್ಯಾಟರಿ ದೀಪವನ್ನು ಕೈಯಲ್ಲೇ ಹಿಡಿದು ಆ ಮೂಲೆಗೇ ಹೋಗಿ ಹತ್ತಿಸಿದ. ಕೆನ್ನೆಗೆ ತಣ್ಣನೆಯ ಉಸಿರು ತಾಗಿತು. ಗಾಳಿಯಾಡದ ಕೋಣೆಯಲ್ಲಿ ಉಸಿರೆಲ್ಲಿಂದ ಬಂತು ಎಂದು ಅವನು ಯೋಚಿಸಲಿಲ್ಲ. ಫೋಟೋ ಸಿಕ್ಕಿತ್ತು, ಅಷ್ಟು ಸಾಕಾಗಿತ್ತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಎಲ್ಲವನ್ನೂ ಜೋಡಿಸಿ, ಮೂಲೆಯ ಮಬ್ಬನ್ನು ಒರೆಸಿ ಕಳಿಸಿದ. ಬೆಳಿಗ್ಗೆ ಯಜಮಾನನ ಫೋನ್ ಬಂತು. ಮೂಲೆ ಕಪ್ಪಗಿದೆಯಲ್ಲ ಎಂದ. ತೆರೆದು ನೋಡಿದರೆ ನಿಜವೇ. ಫೈಲ್ ಅದಲುಬದಲಾಗಿರಬೇಕೆಂದು ಮತ್ತೆ ಬೆಳಗಿಸಿ ಕಳಿಸಿದ. ಎದ್ದು ಹೋಗುವಾಗ ಎಡಗಡೆಯ ಸ್ಟೂಲಿಗೆ ಎಡವಿದ. ಹೆಂಡತಿಗೆ ನಗು.

“ಊರವರ ಮನೆಗಳನ್ನೆಲ್ಲ ದೊಡ್ಡದು ಮಾಡಿ ಮಾಡಿ ನಮ್ಮ ಮನೆ ಎಷ್ಟು ಚಿಕ್ಕದು ಅನ್ನೋದೇ ನಿಮಗೆ ಮರೆತುಹೋಗಿದೆ.”

ಅವನೂ ನಕ್ಕ. ಆದರೆ ಸ್ಟೂಲ್ ಅವನಿಗೆ ಕಂಡೇ ಇರಲಿಲ್ಲ. ಬಲಗಣ್ಣು ಮುಚ್ಚಿ ನೋಡಿದ. ಕ್ಯಾಮೆರಾಕ್ಕೆ ಒಡ್ಡುವ ಎಡಗಣ್ಣಿನಲ್ಲಿ, ನೋಟದ ಎಡತುದಿಗೆ, ಒಂದಿಷ್ಟು ಜಾಗ ಇಲ್ಲವೇ ಇಲ್ಲ.

ಮರುದಿನ ಮತ್ತೆ ಫೋನ್. ಮತ್ತೆ ಮೂಲೆ ಕಪ್ಪು. ಅವನು ಮತ್ತೆ ಬೆಳಗಿಸಿದ. ಪರದೆಯ ಮೇಲೆ ಎಷ್ಟು ಕತ್ತಲು ಹೋಯಿತೋ ಅಷ್ಟು ಕಣ್ಣಿಗೆ ಬಂತು. ಕಣ್ಣಿನ ಡಾಕ್ಟರು ಹನಿ ಹಾಕಿ, ದೀಪ ಬಿಟ್ಟು, ತಿರುಗಿಸಿ ಮುರುಗಿಸಿ ನೋಡಿ, ಕಣ್ಣು ಗಟ್ಟಿಯಾಗಿದೆ, ಚೆನ್ನಾಗಿ ನಿದ್ದೆ ಮಾಡಿ ಎಂದು ಕಳಿಸಿದರು. ಆದರೆ ಆ ಕತ್ತಲಿಗೆ ಅಂಚುಗಳಿದ್ದವು. ಗೋಡೆ ಸೇರುವ ಗೆರೆ, ನೆಲ ಸೇರುವ ಗೆರೆ. ಕಣ್ಣು ಮುಚ್ಚಿದರೆ ಆ ವಾಸನೆ. ಒದ್ದೆ ಸುಣ್ಣ, ಕೂದಲು, ಸುಟ್ಟ ಬತ್ತಿ. ಆ ಕೋಣೆಯ ಮೂಲೆ ಅವನ ಕಣ್ಣೊಳಗೆ ಬಂದು ಕೂತಿತ್ತು.

ಆಮೇಲೆ ಅವನು ಆ ಫೋಟೋ ಮುಟ್ಟಲಿಲ್ಲ. ಆದರೂ ಅದು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಎಡಗಣ್ಣು ಪೂರ್ತಿ ಹೋಯಿತು. ತಿಂಡಿಗೆ ಕೂತಾಗ ಬಲಗಣ್ಣಿನ ತುದಿಯಲ್ಲೂ ಕಪ್ಪು ಇಣುಕಿತು. ಅದರಾಚೆ ಹೆಂಡತಿ ನಿಂತಿದ್ದಳು, ಅವಳ ಅರ್ಧ ಮುಖ ಕಾಣಲಿಲ್ಲ. ಅವನಿಗೆ ಜೀವವೇ ಬಾಯಿಗೆ ಬಂತು. ಕಣ್ಣಿಲ್ಲದ ಫೋಟೋದವನನ್ನು ಯಾರು ಕೇಳುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಈ ಮುಖವನ್ನು ಇನ್ನೆಷ್ಟು ದಿನ ನೋಡುತ್ತೇನೆ?

ಅವತ್ತೇ ಆ ಮನೆಯ ಹಿಂಬಾಗಿಲಿಗೆ ಹೋದ. ಯಜಮಾನ ಹೊರಗೆ ಹೋಗಿದ್ದ. ಅತ್ತಿಗೆ ಅವನ ಕಣ್ಣನ್ನು ನೋಡಿದಳು. ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಇಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ಹೇಳಿದಳು.

ಮನೆ ಯಜಮಾನನ ಅಪ್ಪನದು. ಅರ್ಧ ಮಗಳಿಗೆಂದು ಬರೆದು ಸತ್ತಿದ್ದ. ಯಜಮಾನ ಆ ಪಾಲು ಬಿಟ್ಟುಕೊಡು ಎಂದ, ತಂಗಿ ಒಲ್ಲೆ ಎಂದಳು. ಅವಳನ್ನು ಒಳಕೋಣೆಗೆ ತಳ್ಳಿ ಕಿಟಕಿಗೆ ಇಟ್ಟಿಗೆ ಕಟ್ಟಿಸಿದ. ಬಲ್ಬನ್ನೂ ತೆಗೆಸಿದ. ಕೇಳಿದವರಿಗೆಲ್ಲ ತಂಗಿಗೆ ತಲೆ ಕೆಟ್ಟಿದೆ, ಬೆಳಕು ಕಂಡರೆ ಕೂಗಾಡುತ್ತಾಳೆ ಎಂದ. ಜನ ಅಯ್ಯೋ ಪಾಪ ಅಂದರು, ಅವನಿಗೇ. ವರ್ಷಗಳು ಕಳೆದವು. ಕತ್ತಲಲ್ಲೇ ಇದ್ದು ಇದ್ದು ಅವಳ ಕಣ್ಣು ಹೋಯಿತು. ಊಟದ ತಟ್ಟೆ ತಳ್ಳಲು ಬಾಗಿಲು ತೆರೆದಾಗಲೂ ಅವಳು ಬೆಳಕಿನ ಕಡೆ ತಿರುಗುವುದನ್ನು ಬಿಟ್ಟಳು. ಆಗ ಅತ್ತಿಗೆ ಒಬ್ಬ ಮಾಟಗಾರನ ಹತ್ತಿರ ಹೋದಳು. ಅವನು ಹೇಳಿಕೊಟ್ಟ ಮಂತ್ರವನ್ನು ಬಾಗಿಲ ಸಂದಿಯಲ್ಲಿ ಬಾಯಿಟ್ಟು ನಾದಿನಿಗೆ ಬಾಯಿಪಾಠ ಮಾಡಿಸಿದಳು. ನಾದಿನಿ ತನ್ನ ಕೂದಲನ್ನೂ ಉಗುರನ್ನೂ, ಅತ್ತಿಗೆ ಸಂದಿಯಿಂದ ತೂರಿಸಿದ ದೀಪದ ಮಸಿ ಬಳಿದ ಬಟ್ಟೆಗೆ ಹೊಲಿದು, ನೆತ್ತರು ಹಚ್ಚಿ, ಕಿಟಕಿಯ ಇಟ್ಟಿಗೆಗಳ ಸಂದಿಗೆ ತುರುಕಿ ಸತ್ತಳು.

“ಅವಳು ಕಾಯ್ತಿರೋದು ಅವಳ ಅಣ್ಣನಿಗೆ. ಅವನು ಅದಕ್ಕೇ ಒಳಗೆ ಕಾಲಿಡಲ್ಲ, ಕೂಲಿಯವರನ್ನ ಕಳಿಸ್ತಾನೆ,” ಎಂದಳು ಅತ್ತಿಗೆ. “ಅವಳಿಗೆ ಕಣ್ಣಿಲ್ಲವಲ್ಲಪ್ಪ. ದೀಪ ಹಿಡಿದ ಕೈ ಯಾರದು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?”

ಫೋಟೋದವನ ಮೈ ಉರಿದುಹೋಯಿತು. ಹಾಗಾದರೆ ಯಜಮಾನನಿಗೆ ಎಲ್ಲ ಗೊತ್ತಿತ್ತು. ಪೇಂಟರ್ ಕುರುಡಾದದ್ದೂ ಗೊತ್ತಿತ್ತು. ಗೊತ್ತಿದ್ದೇ ಮೂಗಿಗೆ ಕರವಸ್ತ್ರ ಹಿಡಿದು ನೀವು ಹೋಗಿ ಅಂದಿದ್ದ. ದಿನಾ ಫೋನ್ ಮಾಡಿ ಮತ್ತೆ ಬೆಳಗಿಸಿ ಅಂದಿದ್ದ. ತನ್ನ ಕಣ್ಣು ಉಳಿಯಲು ದಾರಿಯಿದೆಯೇ ಎಂದು ಕೇಳಿದ. ಅವಳಿಗೆ ಅವಳ ಅಣ್ಣ ಸಿಕ್ಕರೆ ಉಳಿದವರನ್ನು ಬಿಡುತ್ತಾಳೆ ಎಂದಳು ಅತ್ತಿಗೆ. ಹೋದದ್ದು ಮಾತ್ರ ಮರಳಿ ಬರುವುದಿಲ್ಲ.

ಅವನು ಅಲ್ಲಿಂದಲೇ ಯಜಮಾನನಿಗೆ ಫೋನ್ ಮಾಡಿದ. ದನಿಯಲ್ಲಿ ಸಕ್ಕರೆ ಹಾಕಿ ಮಾತಾಡಿದ. ಮೂಲೆಗೆ ಕೊನೆಯದಾಗಿ ಒಂದು ಉಪಾಯವಿದೆ ಸಾರ್, ಕ್ಯಾಮೆರಾವನ್ನು ಬಾಗಿಲ ಹೊರಗಿಟ್ಟು ಬಹಳ ಹೊತ್ತು ತೆರೆದಿಡುತ್ತೇನೆ, ಒಬ್ಬರು ಒಳಗೆ ದೀಪ ಹಿಡಿದು ಗೋಡೆಗಳಿಗೆ ಬಣ್ಣ ಬಳಿದ ಹಾಗೆ ಬೆಳಕು ಬಳಿಯುತ್ತ ಹೋಗಬೇಕು, ನಡೆಯುತ್ತಿರುವವರು ಫೋಟೋದಲ್ಲಿ ಮೂಡುವುದಿಲ್ಲ ಎಂದ. ಅದು ಸುಳ್ಳಲ್ಲ, ಅವನ ಕಸುಬಿನಲ್ಲಿ ಹಾಗೆ ಮಾಡುವುದುಂಟು. ನೀವೇ ದೀಪ ಹಿಡಿಯಿರಿ ಎಂದ ಯಜಮಾನ. ತನಗೀಗ ಒಂದೇ ಕಣ್ಣು, ಕ್ಯಾಮೆರಾ ಬಿಟ್ಟು ಬರಲಾಗದು ಎಂದ ಫೋಟೋದವನು. ಅತ್ತಿಗೆ ಹಿಡಿಯಲಿ ಎಂದ ಯಜಮಾನ. ಅವರ ಕೈ ನಡುಗುತ್ತದೆ ಎಂದ ಫೋಟೋದವನು. ಕೊಳ್ಳುವವರು ಆ ಸಂಜೆಯೊಳಗೆ ಫೋಟೋ ಬರದಿದ್ದರೆ ಬೇರೆ ಮನೆ ನೋಡುತ್ತೇವೆ ಎಂದಿದ್ದರು. ಆಸೆ ಭಯವನ್ನು ಗೆದ್ದಿತು. ಅರ್ಧ ಗಂಟೆಯಲ್ಲಿ ಯಜಮಾನ ಬಂದ.

ಹೊಸ್ತಿಲ ಹೊರಗೆ ಸ್ಟ್ಯಾಂಡ್ ನಿಂತಿತು. ಫೋಟೋದವನು ದೀಪವನ್ನು ಯಜಮಾನನ ಕೈಗಿಟ್ಟ.

“ನಾನು ಇಲ್ಲೇ ಇರ್ತೀನಿ ಸಾರ್. ನಡೀತಾ ಇರಿ, ಅಷ್ಟೇ.”

ಕ್ಯಾಮೆರಾ ಕಣ್ಣು ತೆರೆಯಿತು. ಯಜಮಾನ ಬಲಗೋಡೆಯ ಉದ್ದಕ್ಕೂ ದೀಪ ಆಡಿಸಿದ. ಎದುರಿನ ಗೋಡೆಗೆ ಹೋದ. ಇಟ್ಟಿಗೆ ಕಟ್ಟಿದ ಕಿಟಕಿಯನ್ನು ದಾಟುವಾಗ ಮುಖ ತಿರುಗಿಸಿಕೊಂಡ. ಬೆವರು ಕುತ್ತಿಗೆಯಿಂದ ಇಳಿದು ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತ್ತು. ಈಗಲೂ ಕರೆಯಬಹುದಿತ್ತು. ಸಾಕು, ಹೊರಗೆ ಬನ್ನಿ ಅನ್ನಬಹುದಿತ್ತು. ಫೋಟೋದವನ ನಾಲಿಗೆಯ ತುದಿಗೆ ಬಂದ ಮಾತು ಅದೇ. ಆದರೆ ಹೆಂಡತಿಯ ಅರ್ಧ ಮುಖ ನೆನಪಾಯಿತು.

“ಈಗ ಎಡಮೂಲೆ ಸಾರ್,” ಎಂದ ಮೆಲ್ಲಗೆ.

ಯಜಮಾನ ಎಡಮೂಲೆಗೆ ದೀಪ ಚಾಚಿದ.

ಕರ್. ಉಗುರಿನ ಸದ್ದು. ಮತ್ತೆ ಕರ್. ಒದ್ದೆ ಸುಣ್ಣದ ವಾಸನೆ ಹೊಸ್ತಿಲವರೆಗೂ ನುಗ್ಗಿತು. ಮೂಲೆಯ ಕತ್ತಲು ಅಲುಗಿತು. ಕರಗಿತು. ಕೋಣೆಯಲ್ಲಿ ಎಲ್ಲೂ ಒಂದು ಚೂರು ನೆರಳಿಲ್ಲ. ಬೆಳಕೋ ಬೆಳಕು.

“ಲೈಟ್ ಯಾಕೆ ಆರಿಸಿದೆ?” ಎಂದ ಯಜಮಾನ.

ದೀಪ ಅವನ ಕೈಯಲ್ಲೇ ಉರಿಯುತ್ತಿತ್ತು.

“ಲೈಟ್ ಹಾಕಯ್ಯಾ. ಏನೂ ಕಾಣಿಸ್ತಿಲ್ಲ.”

ಅವನು ತಿರುಗಿದ. ಬಾಗಿಲು ಎದುರಿಗೇ ಇತ್ತು. ಕಾಣಲಿಲ್ಲ. ಗೋಡೆ ತಡವಿದ. ಗೋಡೆಗೇ ಡಿಕ್ಕಿ ಹೊಡೆದ. ದೀಪ ಬಿತ್ತು. ಬಿದ್ದರೂ ಆರಲಿಲ್ಲ. ಅತ್ತಿಗೇ, ಅತ್ತಿಗೇ ಎಂದು ಕೂಗಿದ. ಅತ್ತಿಗೆ ಫೋಟೋದವನ ಪಕ್ಕದಲ್ಲೇ ನಿಂತಿದ್ದಳು. ಯಜಮಾನನ ಕೂಗು ಸಣ್ಣದಾಯಿತು. ಯಾರೋ ಹಿಡ್ಕೊಂಡಿದ್ದಾರೆ ಎಂದ. ಕೈ ತಣ್ಣಗಿದೆ ಎಂದ. ಆಮೇಲೆ ಅಲುಗಾಡಲಿಲ್ಲ.

ಕ್ಯಾಮೆರಾ ಕಣ್ಣು ಮುಚ್ಚಿತು. ಪರದೆಯ ಮೇಲೆ ಫೋಟೋ ಮೂಡಿತು. ಅವನ ಜೀವಮಾನದಲ್ಲೇ ಅಷ್ಟು ಬೆಳಗಿದ ಕೋಣೆ ಮೂಡಿರಲಿಲ್ಲ. ಯಜಮಾನ ನಡೆದದ್ದು ಎಲ್ಲೂ ಬಿದ್ದಿರಲಿಲ್ಲ, ನಿಂತದ್ದು ಮಾತ್ರ ಸ್ಪಷ್ಟವಾಗಿ ಬಿದ್ದಿತ್ತು. ಎಡಮೂಲೆಯಲ್ಲಿ ನಿಂತಿದ್ದ. ಅವನ ಬೆನ್ನಿಗೆ ಕೂದಲು ಬಿಚ್ಚಿಕೊಂಡ ಹೆಂಗಸೊಬ್ಬಳು, ಮಕ್ಕಳು ಆಟಕ್ಕೆ ಹಿಂದಿನಿಂದ ಬಂದು ಮುಚ್ಚುವ ಹಾಗೆ, ಎರಡೂ ಅಂಗೈಗಳಿಂದ ಅಣ್ಣನ ಕಣ್ಣು ಮುಚ್ಚಿದ್ದಳು. ಬೆರಳುಗಳಿಗೆ ಉಗುರಿರಲಿಲ್ಲ. ಅವಳೂ ಅಲುಗಾಡಿರಲಿಲ್ಲ.

ಫೋಟೋದವನು ತಲೆಯೆತ್ತಿದ. ಬಲಗಣ್ಣಿನ ತುದಿಯ ಕಪ್ಪು ಹೋಗಿತ್ತು. ಅತ್ತಿಗೆಯ ಪೂರ್ತಿ ಮುಖ ಕಂಡಿತು. ಎಡಗಣ್ಣು ಹಾಗೇ ಇತ್ತು, ಇನ್ನು ಸಾಯುವವರೆಗೂ ಹಾಗೇ. ತನಗೆ ಮರುಕ ಬರಬೇಕಿತ್ತು ಎಂದು ಅವನಿಗೆ ಗೊತ್ತಿತ್ತು. ಬಂದದ್ದು ಸಂತೋಷ. ಹೊಟ್ಟೆ ತುಂಬ ಉಂಡಂಥ ಸಂತೋಷ. ಅದಕ್ಕೆ ಅವನು ಒಂದು ಕ್ಷಣ ತನಗೆ ತಾನೇ ಹೆದರಿದ.

“ನನ್ನ ಹೊರಗೆ ಕರ್ಕೊಂಡು ಹೋಗಪ್ಪಾ,” ಎಂದು ಒಳಗಿನಿಂದ ದನಿ ಬಂತು. ಬೆಣ್ಣೆಯೆಲ್ಲ ಕರಗಿಹೋದ ದನಿ.

ಅವನು ಕ್ಯಾಮೆರಾ ಬಿಚ್ಚಿ ಚೀಲಕ್ಕೆ ಹಾಕಿದ. ಸ್ಟ್ಯಾಂಡ್ ಮಡಚಿದ. ಅತ್ತಿಗೆ ಬಾಗಿಲಿಗೆ ಕೈಯಿಟ್ಟು ಅವನ ಮುಖ ನೋಡಿದಳು. ಆ ಬಾಗಿಲಿಗೆ ಚಿಲಕ ಇದ್ದದ್ದು ಹೊರಗಡೆ ಮಾತ್ರ.

“ಹಾಕಿ ಅಮ್ಮಾ,” ಎಂದ ಅವನು.