ಕಿವಿಯಿಲ್ಲದ ಕೈ

“ನಿನ್ನ ಕೈಗೆ ಕಿವಿ ಇಲ್ಲಲೇ! ಇದನ್ನ ನೋಡು, ಇದಕ್ಕ ಕೈನೇ ಇಲ್ಲ, ಆದ್ರೂ ಮೈತುಂಬ ಕಿವಿ!”

ಗಾಯಕ ಗುರುಸಿದ್ಧ ಯಲಿಗಾರರು ಈ ಮಾತನ್ನು ಪಕ್ಕಕ್ಕೆ ಕರೆದು ಹೇಳಲಿಲ್ಲ, ಮೈಕಿನಲ್ಲಿ ಹೇಳಿದರು. ಹುಬ್ಬಳ್ಳಿಯ ಆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೀಸೆ ಮೂಡುವ ಮೊದಲಿನಿಂದ ಯಲಿಗಾರರಿಗೆ ಪಿಯಾನೊ ಸಾಥ್ ಕೊಡುತ್ತ ಬಂದಿದ್ದ ಜಯಶೀಲ ವೇದಿಕೆಯ ಮೇಲೆ ನಿಂತೇ ಇದ್ದ. ಅವನು ಕೂರುತ್ತಿದ್ದ ಸ್ಟೂಲನ್ನು ಯಾರೋ ಆಗಲೇ ಎತ್ತಿ ಬದಿಗಿಟ್ಟಿದ್ದರು. ಈಗ ಪಿಯಾನೊ ನುಡಿಸುತ್ತಿದ್ದುದಕ್ಕೆ ಕುಂಡೆಯೇ ಇರಲಿಲ್ಲ, ಸ್ಟೂಲು ಯಾಕೆ ಬೇಕು? ಕರಿ ಬಿಳಿ ಪಟ್ಟಿಗಳು ತಮ್ಮಷ್ಟಕ್ಕೆ ತಾವೇ ತಗ್ಗಿ ಏಳುತ್ತಿದ್ದವು, ಕಾಣದ ಯಾರೋ ಅವುಗಳ ಮೇಲೆ ಓಡಾಡಿದಂತೆ.

ಆ ಯಂತ್ರದ ಹೆಸರು ಅನುಗಾಮಿ.

ಅಲ್ಲಿಯವರೆಗಿನ ಹಿನ್ನೆಲೆ ತಂತ್ರಾಂಶಗಳು ಗಾಣದೆತ್ತುಗಳು. ಮೊದಲೇ ತುಂಬಿಟ್ಟ ಸಂಗೀತ ತನ್ನ ಪಾಡಿಗೆ ತಿರುಗುತ್ತಿತ್ತು, ಹಾಡುವವನು ಹಿಂದೆ ಬಿದ್ದರೆ ಅವನ ಹಣೆಬರಹ. ಅನುಗಾಮಿ ಹಾಗಲ್ಲ. ಹಾಡುವವರ ಗಂಟಲಿಗೆ ಹಣೆಬೊಟ್ಟಿನಷ್ಟೇ ದೊಡ್ಡದಾದ ಒಂದು ಕಂಠಬಿಲ್ಲೆ ಅಂಟಿಸುತ್ತಾರೆ. ದನಿ ಹೊರಡುವ ಮುನ್ನ ಎದೆ ಉಸಿರು ತುಂಬಿಕೊಳ್ಳುತ್ತದೆ, ಗಂಟಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಆ ಸಿದ್ಧತೆಯನ್ನೇ ಬಿಲ್ಲೆ ಹಿಡಿದು ಯಂತ್ರಕ್ಕೆ ಮುಟ್ಟಿಸುತ್ತದೆ. ವಿಜ್ಞಾನಿಗಳು ಇದನ್ನು ‘ಉಸಿರ್ಮುನ್ನರಿವು’ ಎಂದು ಕರೆದರು. ಹಾಗಾಗಿ ಸ್ವರ ಗಾಯಕನ ಬಾಯಿಂದ ಬೀಳುವ ಗಳಿಗೆಗೇ ಪಿಯಾನೊದ ಸ್ವರವೂ ಬೀಳುತ್ತದೆ. ಅವನು ಓಡಿದರೆ ಅದೂ ಓಡುತ್ತದೆ, ನಿಂತರೆ ನಿಲ್ಲುತ್ತದೆ. ತಾಳ ತಪ್ಪಿದರೆ? ತಪ್ಪಿದ ಜಾಗವೇ ತಾಳವಾಗುತ್ತದೆ.

ಶೈಲಿಗಳಿಗೂ ಬರವಿರಲಿಲ್ಲ. ಸ್ವರಗುಚ್ಛವನ್ನು ಒಡೆದು ಒಂದೊಂದಾಗಿ ಉದುರಿಸುವ ಶೈಲಿ, ಮೂರೇಟಿನ ಕುಣಿತದ ಶೈಲಿ, ಎಡಗೈ ತಳಸ್ವರದಿಂದ ಮೇಲಕ್ಕೆ ಜಿಗಿಜಿಗಿದು ಬರುವ ಶೈಲಿ, ಚರ್ಚಿನ ಶೈಲಿ, ಹಳೆಯ ಸಿನಿಮಾ ಹಾಡಿನ ಶೈಲಿ. ಸಾಲದ್ದಕ್ಕೆ ಸಂಗೀತಗಾರರು ಏನು ಬೇಕೆಂದು ಬರೆದು ಕಳಿಸಿದರೆ ಅದನ್ನೂ ಮಾಡಿ ಕೊಡುತ್ತಿದ್ದರು. ಬೆಳಗಾವಿಯ ಒಬ್ಬ ಗಜಲ್ ಗಾಯಕ, ‘ಪಿಯಾನೊ ಮಾತಾಡಬಾರದು, ಬರೀ ತಲೆದೂಗಬೇಕು’ ಎಂದು ಕೇಳಿದನಂತೆ. ಅದೂ ಸಿಕ್ಕಿತು.

ಆ ದಿನ ಯಲಿಗಾರರು ಒಂದೇ ಹಾಡನ್ನು ಮೊದಲು ಜಯಶೀಲನ ಜೊತೆಗೆ, ಆಮೇಲೆ ಅನುಗಾಮಿಯ ಜೊತೆಗೆ ಹಾಡಿ ತೋರಿಸಿದ್ದರು. ಜಯಶೀಲನ ಜೊತೆ ಹಾಡುವಾಗ ಅವರು ಎಂದಿನಂತೆ ಓಡಿದರು, ಅವನು ಎಂದಿನಂತೆ ಎಡಗೈಯಿಂದ ಲಗಾಮು ಜಗ್ಗಿದ. ಯಂತ್ರ ಜಗ್ಗಲಿಲ್ಲ. ಯಲಿಗಾರರಿಗೆ ರೆಕ್ಕೆ ಬಂತು. ರೆಕ್ಕೆ ಬಂದವರ ಬಾಯಲ್ಲಿ ಆ ಮಾತು ಬಂತು.

ಪಕ್ಕದಲ್ಲೇ ನಿಂತಿದ್ದ ಅವರ ಹೆಂಡತಿ ಮಂದಾಕಿನಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಜಯಶೀಲನಿಗೆ ಗಂಡನ ಮಾತಿಗಿಂತ ಹೆಚ್ಚು ಉರಿದದ್ದು ಅದೇ.

*

ಜಯಶೀಲ ಬೆಟಗೇರಿಯವನು. ಒಂಬತ್ತನೇ ಇಯತ್ತೆಯಲ್ಲಿ ಮಾಸ್ತರರ ಜೊತೆ ಜಗಳವಾಡಿ ಪಾಟಿಚೀಲ ಅಲ್ಲೇ ಬಿಟ್ಟು ಬಂದವನು ಮತ್ತೆ ಶಾಲೆಯ ಕಡೆ ಮುಖ ಹಾಕಲಿಲ್ಲ. ಅವನ ಶಾಲೆ ಚರ್ಚಿನ ಹಳೆಯ ಪಿಯಾನೊ, ಅವನ ಮಾಸ್ತರು ಸೋದರತ್ತೆ ಸುಗುಣಮ್ಮ. ಭಾನುವಾರದ ಸಭೆಯಲ್ಲಿ ಮುದುಕರು ಕೀರ್ತನೆಯನ್ನು ರಬ್ಬರಿನಂತೆ ಎಳೆಯುತ್ತಿದ್ದರು. ಹುಡುಗರು ಹಸಿದವರಂತೆ ಓಡುತ್ತಿದ್ದರು. “ಯಾರ ಬೆನ್ನೂ ಹತ್ತಬ್ಯಾಡ,” ಎನ್ನುತ್ತಿದ್ದಳು ಸುಗುಣಮ್ಮ. “ನೀ ನಡುವ ನಿಂದ್ರು. ಅವರೇ ಬಂದು ನಿನ್ನ ಹಿಡೀತಾರ.” ಆಮೇಲೆ ದನಿ ತಗ್ಗಿಸಿ ಇನ್ನೊಂದು ಹೇಳುತ್ತಿದ್ದಳು: “ಯಾರು ತಪ್ಪಿದ್ರು ಅಂತ ಬಾರಿಸಾವ್ರಿಗೆ ಗೊತ್ತಿರತೈತಿ. ಆದ್ರ ಮಂದಿ ಮುಂದ ಬಾಯಿ ಬಿಡಬಾರದು. ಬಿಟ್ಟರ ಮತ್ತ ಯಾರೂ ನಿನ್ನ ಮುಂದ ಬಾಯಿ ತಗದು ಹಾಡಂಗಿಲ್ಲ.”

ಯಲಿಗಾರ ದಂಪತಿಗೆ ಊರು ಕೊಟ್ಟ ಬಿರುದು ‘ಒಂದೇ ಉಸಿರಿನ ಜೋಡಿ’. ಅವರ ಯುಗಳಗೀತೆ ಕೇಳಿ ಮುನಿಸಿಕೊಂಡ ಗಂಡಹೆಂಡಿರು ಒಂದಾಗಿ ಮನೆಗೆ ಹೋಗುತ್ತಿದ್ದರು. ಆ ಒಂದೇ ಉಸಿರು ಎಲ್ಲಿಂದ ಬರುತ್ತಿತ್ತು ಎಂಬುದು ಜಯಶೀಲನ ಹತ್ತು ಬೆರಳಿಗೆ ಮಾತ್ರ ಗೊತ್ತಿತ್ತು. ಗಂಡ ಮುಂದೋಡುವ ಜಾತಿ, ಹೆಂಡತಿ ಹಿಂದೆ ಉಳಿಯುವ ಜಾತಿ. ಅವನ ಎಡಗೈ ಯಲಿಗಾರರ ಅಂಗಿ ಹಿಡಿದು ಜಗ್ಗುತ್ತಿತ್ತು, ಬಲಗೈ ಮಂದಾಕಿನಿಯವರ ಬೆರಳು ಹಿಡಿದು ನಡೆಸುತ್ತಿತ್ತು. ಇಬ್ಬರೂ ಅದನ್ನು ತಮ್ಮ ಪ್ರೀತಿ ಎಂದುಕೊಂಡಿದ್ದರು. ಅಂದುಕೊಳ್ಳಲಿ ಬಿಡು ಎಂದು ಅವನೂ ಸುಮ್ಮನಿದ್ದ.

ಈಗ ಹೇಳಿ, ಇಂಥವನ ಕೈಗೆ ಕಿವಿ ಇಲ್ಲವೆಂದರೆ ರಕ್ತ ಕುದಿಯುವುದಿಲ್ಲವೇ?

ಪಿಯಾನೊ ನುಡಿಸುವವರನ್ನು ಕರೆಯುವವರೇ ಇಲ್ಲದಂತಾಯಿತು. ಜಯಶೀಲ ಮುಕ್ತುಂಸಾಬನ ಸೌಂಡ್ ಸರ್ವಿಸ್ ಅಂಗಡಿ ಸೇರಿ ಸ್ಪೀಕರು ಹೊರತೊಡಗಿದ. ಹೊರುವ ಸಾಮಾನಿನಲ್ಲಿ ಪಿಯಾನೊಗೆ ಜೋಡಿಸುವ ಅನುಗಾಮಿಯ ಪೆಟ್ಟಿಗೆಯೂ ಇರುತ್ತಿತ್ತು. ದೇವರು ಚೇಷ್ಟೆ ಮಾಡುವಾಗ ಅರ್ಧಕ್ಕೆ ನಿಲ್ಲಿಸುವುದಿಲ್ಲ.

“ಮೆಲ್ಲಕ ಎತ್ತೋ ಪಿಯಾನೊ ಮಾಸ್ತರ,” ಎಂದು ಮುಕ್ತುಂಸಾಬ ಕೆಣಕುತ್ತಿದ್ದ. “ಅದರಾಗ ನಿನ್ನ ಸವತಿ ಅದಾಳ.”

“ಒಂದಿನ ಎಲ್ಲಾರ ಮುಂದ ಹೇಳ್ತೀನಿ ನೋಡು ಚಾಚಾ. ಯಾರ ಕಿವಿ ಎಲ್ಲೈತಿ ಅಂತ. ಅದೇ ಮೈಕಿನ್ಯಾಗ.”

“ಹೇಳಲೇ! ಮೈಕು ನಂದೇ ಐತಿ, ಬಾಡಗಿ ಬ್ಯಾಡ.”

ಅವನು ನಗಲಿಲ್ಲ. ಊಟ ಮಾಡುವಾಗಲೂ ಅವನ ಎಡಗೈ ತೊಡೆಯ ಮೇಲೆ ಕುಟ್ಟುತ್ತಲೇ ಇರುತ್ತಿತ್ತು. ಅವನಿಗೆ ಬೇಕಿದ್ದದ್ದು ಕೆಲಸವಲ್ಲ. ಆ ಮಾತು ವಾಪಸ್ಸು ಬೇಕಿತ್ತು, ಹೇಳಿದ ಬಾಯಿಂದಲೇ, ಕೇಳಿದ ಮಂದಿಯ ಮುಂದೆಯೇ.

*

ಒಂದು ಮಧ್ಯಾಹ್ನ ಅಂಗಡಿಗೆ ಅನುಗಾಮಿಯನ್ನು ಕಟ್ಟಿದ ವಿಜ್ಞಾನಿಯೇ ಬಂದರು. ಡಾ. ಉತ್ತರಾ ಕಾಖಂಡಕಿ, ಧಾರವಾಡದವರು. ಸುರುಳಿ ಸುತ್ತಿಟ್ಟ ಕೇಬಲ್ಲಿನ ಮೇಲೆಯೇ ಕೂತು ಚಹಾ ತೆಗೆದುಕೊಂಡರು.

“ಜಯಶೀಲ ಅವರ, ನಮಗೊಂದು ಪಜೀತಿ ಬಂದದ. ಸಂಗೀತಗಾರರು ಹೊಸಾ ಶೈಲಿ ಕೇಳ್ಲಿಕ್ಕೆ ಹತ್ಯಾರ. ಒಬ್ಬರಲ್ಲ, ಊರೂರಿಂದ.”

“ಮಾಡಿಕೊಡ್ರಿ. ಎಲ್ಲಾ ಬರತೈತಲ್ಲ ನಿಮ್ಮ ಪೆಟಗಿಗೆ.”

“ಅವರು ಕೇಳೋದು ಏನು ಗೊತ್ತದ? ನಮ್ಮ ಮಾತು ಕೇಳಲಾರದ ಪಿಯಾನೊ ಕೊಡ್ರಿ ಅಂತ.”

ಜಯಶೀಲ ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟ.

ಡಾ. ಕಾಖಂಡಕಿ ವಿವರಿಸಿದರು. ಅನುಗಾಮಿಯ ಜೊತೆ ಅಭ್ಯಾಸ ಮಾಡಿದವರು ಒಬ್ಬರೇ ಹಾಡುವಾಗ ಗಂಧರ್ವರು. ಆದರೆ ಇನ್ನೊಬ್ಬರ ಜೊತೆ ಹಾಡಲು ನಿಂತರೆ ಒದ್ದಾಡುತ್ತಾರೆ. ತಬಲಾದವನು ತಮ್ಮನ್ನು ಕಾಯಲಿ ಎಂದು ಇವರು, ಇವರು ತಾಳಕ್ಕೆ ಬರಲಿ ಎಂದು ಅವನು. ಮಕ್ಕಳ ಮೇಳಗಾನದಲ್ಲಂತೂ ಪ್ರತಿ ಮಗುವೂ ತನ್ನದೇ ಹಾಡು ಹಾಡಿತಂತೆ. ಸದಾ ತಾವು ಮುಂದೆ ನಡೆದು, ಹಿಂದೆ ಒಬ್ಬ ಆಳು ಬರುವುದೇ ರೂಢಿಯಾದವರಿಗೆ ಜೊತೆಯಲ್ಲಿ ನಡೆಯುವುದು ಮರೆತುಹೋಗಿತ್ತು. ಇದಕ್ಕೆ ಅವರು ‘ಸಹಲಯ ನಾಶ’ ಎಂಬ ಹೆಸರಿಟ್ಟಿದ್ದರು. ಔಷಧಕ್ಕೆ ಮೊದಲು ಹೆಸರು ತಯಾರಾಗುವುದು ವಿಜ್ಞಾನದ ಪದ್ಧತಿ.

“ಮತ್ತ ‘ಹಟಗಾರ’ ಅಂತ ಒಂದು ಶೈಲಿ ಮಾಡಿದ್ವಿ. ಅದು ಗಾಯಕರ ಬೆನ್ನು ಹತ್ತಂಗಿಲ್ಲ. ಎಲ್ಲಾರೂ ಬೇಕು ಬೇಕು ಅಂತ ತಗೊಂಡ್ರು. ಎಲ್ಲಾರೂ ಎರಡನೇ ಸಾಲಿಗೇ ಬಂದ್ ಮಾಡಿಬಿಟ್ರು.”

ಜಯಶೀಲ ಬಹಳ ದಿನಗಳ ಮೇಲೆ ನಕ್ಕ. ಚೆಂದದ ನಗೆಯೇನಲ್ಲ. “ಬಂದ್ ಮಾಡಾಕ ಗುಂಡಿ ಇದ್ದ ಮ್ಯಾಲ ಅದು ಹಟ ಹೆಂಗ ಆಕ್ಕೈತ್ರಿ ಮೇಡಂ?”

“ಅದಕ್ಕೇ ನಿಮ್ಮ ಕಡೆ ಬಂದೆ. ನಿಮ್ಮ ಕೈಯೊಳಗ ಗುಂಡಿ ಇರಲಿಲ್ಲ. ಯಲಿಗಾರರು ಜಗಳಾಡಿದ್ರೂ ನೀವು ಬಿಡಲಿಲ್ಲ. ಅವರ ಹಳೇ ಯುಗಳಗೀತೆ ಕೇಳಿ ಕೇಳಿ ನನಗ ಗೊತ್ತಾತು. ಬರ್ರಿ, ನಿಮ್ಮ ಕೈ ಒಮ್ಮೆ ದಾಖಲು ಮಾಡೋಣ.”

“ನನ್ನ ಕೈಗೆ ಕಿವಿ ಇಲ್ರಿ. ಆ ಸಭಾಂಗಣದಾಗ ಕುಂತ ನೀವೂ ಕೇಳೀರಿ. ನಕ್ಕೀರಿ ಸೈತ.”

ಅವರ ಮುಖ ಕೆಂಪಾಯಿತು. “ನಕ್ಕಿದ್ದೆ,” ಎಂದರು. ಚಹಾದ ಲೋಟ ಕೆಳಗಿಟ್ಟು ಹೊರಟುಹೋದರು.

*

ಯಲಿಗಾರ ದಂಪತಿಗೆ ಸನ್ಮಾನ ನಿಗದಿಯಾಯಿತು. ಅದೇ ಸಭಾಂಗಣ, ಅದೇ ಮಂದಿ, ಮುಕ್ತುಂಸಾಬನದೇ ಸೌಂಡು. ಯಂತ್ರ ಬಂದಮೇಲೆ ಗಂಡಹೆಂಡಿರು ಬೇರೆ ಬೇರೆ ಕಚೇರಿ ಮಾಡುತ್ತಿದ್ದರು. ಜೋಡಿಯಾಗಿ ಹಾಡಿ ಬಹಳ ದಿನವಾಗಿತ್ತು. ಸಂಘಟಕರು ಯುಗಳಗೀತೆ ಹಾಡಲೇಬೇಕೆಂದು ಪಟ್ಟು ಹಿಡಿದಿದ್ದರು.

ಇಬ್ಬರ ಕೊರಳಿಗೂ ಬಿಲ್ಲೆ ಹತ್ತಿತು. ಹಾಡು ಶುರುವಾಯಿತು. ಅನುಗಾಮಿ ಒಂದು ಉಸಿರನ್ನು ಹಿಂಬಾಲಿಸಲು ಕಟ್ಟಿದ್ದು. ಎರಡು ಉಸಿರು ಬಂದಾಗ ಅದು ಪ್ರಾಮಾಣಿಕವಾಗಿ ಎರಡರ ಸರಾಸರಿ ತೆಗೆಯಿತು. ಗಂಡ ಮುಂದೆ, ಹೆಂಡತಿ ಹಿಂದೆ, ಪಿಯಾನೊ ಇಬ್ಬರಿಗೂ ಸಂಬಂಧವಿಲ್ಲದ ಯಾವುದೋ ನಡುಬೀದಿಯಲ್ಲಿ. ಪಲ್ಲವಿ ಮುಗಿಯುವಷ್ಟರಲ್ಲಿ ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಒಂದು ಸಿಳ್ಳೆ ಬಂತು. ಡಾ. ಕಾಖಂಡಕಿ ಎದ್ದು ಬಂದು ಯಂತ್ರವನ್ನು ನಿಲ್ಲಿಸಿದರು.

ಯಲಿಗಾರರ ಹಣೆಯಲ್ಲಿ ಬೆವರು. ಅವರ ಕಣ್ಣು ಸುತ್ತ ಹೊರಳಿ ವೇದಿಕೆಯ ಬದಿಯಲ್ಲಿ ವೈರು ಹಿಡಿದು ನಿಂತಿದ್ದ ಜಯಶೀಲನ ಮೇಲೆ ನಿಂತಿತು.

“ಜಯಶೀಲಾ, ಬಾ ತಮ್ಮಾ. ಕೂಡು.”

ತಮ್ಮಾ! ಜಯಶೀಲ ಹತ್ತಿರ ಬಂದ, ಕೂರಲಿಲ್ಲ. ಮೈಕು ಸಮೀಪವೇ ಇತ್ತು, ಮಾತು ಎಲ್ಲರಿಗೂ ಕೇಳಿತು. “ಅವತ್ತಿನ ಮಾತು ತಿರುಗಿ ತಗೋತೀರೇನ್ರಿ ಸರ್?”

“ಹಾಡು ಮುಗೀಲಿ. ಇಲ್ಲೇ ತಗೋತೀನಿ, ಇವರೆಲ್ಲರ ಮುಂದ.”

ಮೂಲೆಯಲ್ಲಿ ಬಿದ್ದಿದ್ದ ಸ್ಟೂಲನ್ನು ಜಯಶೀಲ ತಾನೇ ಎಳೆದುಕೊಂಡು ಕೂತ. ಬೆರಳುಗಳು ಸ್ಪೀಕರು ಹೊತ್ತು ಒರಟಾಗಿದ್ದವು, ಆದರೆ ದಾರಿ ಮರೆತಿರಲಿಲ್ಲ. ಎಡಗೈ ತಳಸ್ವರವನ್ನು ಗೂಟದಂತೆ ನೆಟ್ಟಿತು. ಯಲಿಗಾರರು ಓಡಿದರು. ಪಿಯಾನೊ ಹಿಂದೆ ಬರಲಿಲ್ಲ. ಅವರು ಬೆಚ್ಚಿ ತಿರುಗಿ ನೋಡಿದರು, ಕತ್ತಲಲ್ಲಿ ಕೈಗೋಲು ಜಾರಿದವರ ಹಾಗೆ. ಮಂದಾಕಿನಿ ಹಿಂದುಳಿದರು. ಪಿಯಾನೊ ಕಾಯಲಿಲ್ಲ. ಅವನ ಬಲಗೈ ಮಾತ್ರ ಅವರ ದಾರಿಯಲ್ಲಿ ಒಂದೊಂದೇ ಸ್ವರ ಇಟ್ಟು, ಇಲ್ಲಿ ಕಾಲಿಡ್ರಿ ಅಕ್ಕಾ, ಇಲ್ಲಿ, ಎಂದು ಕರೆಯುತ್ತಿತ್ತು.

ಚರಣದ ಮೊದಲ ಸಾಲಿಗೆ ಇಬ್ಬರೂ ಬಂದು ಸೇರಿದರು.

ಒಂದೇ ಒಂದು ಸಾಲು. ಸಭೆ ಉಸಿರು ಬಿಗಿಹಿಡಿಯಿತು. ಮುಂದೆ ಕೂತಿದ್ದ ಮುದುಕಿಯೊಬ್ಬಳು ಗಂಡನ ಮೊಣಕೈ ಹಿಡಿದುಕೊಂಡಳು. ಸಿಟ್ಟು ಎಲ್ಲಿ ಹೋಯಿತೋ, ಆ ಒಂದು ಸಾಲಿನಷ್ಟು ಹೊತ್ತು ಜಯಶೀಲನಿಗೆ ಸಿಗಲಿಲ್ಲ.

ಮರುಸಾಲಿಗೆ ಇಬ್ಬರಿಗೂ ತಮ್ಮ ರೂಢಿ ನೆನಪಾಯಿತು. ಹಾಡು ನಡುವೆ ಸೀಳಿತು. ಯಲಿಗಾರರು ಕೈಯೆತ್ತಿ ನಿಲ್ಲಿಸಿದರು.

“ಮಂದಾ, ಏನಿದು? ಜಗ್ಗಾಕ ಹತ್ತೀಯಲ್ಲ!”

“ನಾ ಜಗ್ಗಾಕತ್ತಿಲ್ರಿ. ನೀವು ಓಡಾಕತ್ತೀರಿ.”

“ನನ್ನ ತಾಳಕ್ಕ ಯಂತ್ರ ಸೈತ ತಪ್ಪಂದಿಲ್ಲ!”

“ನನ್ನ ತಾಳಕ್ಕೂ ಅಂದಿಲ್ಲ. ಅದು ಯಾರಿಗೂ ಅನ್ನಂಗಿಲ್ಲ.” ಮಂದಾಕಿನಿ ಗಂಡನ ಎದುರಿಗೆ ತಿರುಗಿದರು. “ಇಷ್ಟು ವರ್ಷ ನಾ ನಿಮ್ಮ ಜೋಡಿ ಹಾಡೀನೋ, ಬರೀ ನಿಮ್ಮ ಬಾಜೂಕ ನಿಂತಿದ್ನೋ? ಅದಾದ್ರೂ ಗೊತ್ತಾಗಲಿ.”

ಯಲಿಗಾರರು ಮೈಕನ್ನು ಸ್ಟ್ಯಾಂಡಿನಿಂದ ಕಿತ್ತುಕೊಂಡು ಪಿಯಾನೊದ ಕಡೆ ತಿರುಗಿದರು.

“ಕೇಳ್ರಿ ಎಲ್ಲಾರೂ. ಅವತ್ತು ಈ ಹುಡುಗನ ಕೈಗೆ ಕಿವಿ ಇಲ್ಲ ಅಂದಿದ್ದೆ. ತಪ್ಪಾತು. ಇವನ ಕೈಗೆ ಕಿವಿ ಅದಾವು. ನಮ್ಮಿಬ್ಬರ ಉಸಿರು ಇವನಷ್ಟು ಕೇಳಿದಾವ್ರು ಮತ್ತೊಬ್ಬರಿಲ್ಲ.” ಮೈಕನ್ನು ಜಯಶೀಲನ ಬಾಯಿಯ ಮುಂದೆ ಹಿಡಿದರು. “ಈಗ ನೀನೇ ಹೇಳು. ಇಷ್ಟು ವರ್ಷ ತಪ್ಪಿದಾವ್ರು ಯಾರು? ನಾನೋ, ಇಕಿಯೋ?”

ಮಾತು ವಾಪಸ್ಸು ಬಂದಿತ್ತು. ಕೇಳಿದ ಮಂದಿಯ ಮುಂದೆಯೇ ಬಂದಿತ್ತು. ಉತ್ತರವೂ ಅವನ ನಾಲಗೆಯ ತುದಿಯಲ್ಲಿತ್ತು, ಸ್ಪೀಕರು ಹೊತ್ತ ದಿನಗಳೆಲ್ಲ ಮಸೆದಿಟ್ಟದ್ದು. ಬದಿಯಲ್ಲಿ ನಿಂತ ಮುಕ್ತುಂಸಾಬ ಹೇಳು ಹೇಳು ಎಂದು ಕಣ್ಣಲ್ಲೇ ಸನ್ನೆ ಮಾಡುತ್ತ ಮೈಕಿನ ದನಿ ಏರಿಸಿದ. ಡಾ. ಕಾಖಂಡಕಿ ಅವನ ಮುಖವನ್ನಲ್ಲ, ಕೈಗಳನ್ನು ನೋಡುತ್ತಿದ್ದರು.

ಜಯಶೀಲ ಮಂದಾಕಿನಿಯವರನ್ನು ನೋಡಿದ. ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಯಲಿಗಾರರನ್ನು ನೋಡಿದ. ಮೈಕು ಇನ್ನೂ ಅವನ ಬಾಯಿಯ ಮುಂದೆಯೇ ಇತ್ತು, ಕಿವಿಯಲ್ಲಿ ಸುಗುಣಮ್ಮನ ತಗ್ಗಿಸಿದ ದನಿ ಇತ್ತು.

ಅವನು ಎದ್ದ. ಪಿಯಾನೊದ ಮುಚ್ಚಳ ಹಾಕಲಿಲ್ಲ. ಸ್ಟೂಲನ್ನು ಅಲ್ಲೇ ಬಿಟ್ಟ, ಕೂರುವ ಜಾಗದಲ್ಲಿ. ಮೈಕಿನ ಪಕ್ಕಕ್ಕೆ ಸರಿದು, ಹೊಸ್ತಿಲು ದಾಟುವವನ ಹಾಗೆ ಅದರ ವೈರನ್ನು ದಾಟಿ, ಮೆಟ್ಟಿಲಿಳಿದು, ತನ್ನನ್ನು ನೋಡಿ ನಕ್ಕ ಮಂದಿಯ ನಡುವಿನ ದಾರಿಯಲ್ಲಿ ಬಾಗಿಲ ಕಡೆಗೆ ನಡೆದ. “ಹೇಳಿ ಹೋಗಲೇ!” ಎಂದು ಹಿಂದಿನಿಂದ ಯಲಿಗಾರರ ದನಿ ಬಂತು. ಅವನ ಎಡಗೈ ತೊಡೆಯ ಮೇಲೆ ಮೆಲ್ಲಗೆ ತಾಳ ಕುಟ್ಟುತ್ತಿತ್ತು. ನಡಿಗೆ ಓಡಲೂ ಇಲ್ಲ, ಹಿಂದುಳಿಯಲೂ ಇಲ್ಲ.