ಕಲೆಯಿಲ್ಲದ ದಾಳಿಂಬೆ

ಪ್ರಯೋಗಾಲಯದಲ್ಲಿ ವಿಷವಿಲ್ಲದ ಹಣ್ಣು ಒಂದೂ ಇರಲಿಲ್ಲ.

ಕೀಟನಾಶಕ ಎಷ್ಟು ಉಳಿದಿದೆ ಎಂದು ಅಳೆಯಲು ಮೊದಲು ಅದು ಸ್ವಲ್ಪವೂ ಇಲ್ಲದ ಹಣ್ಣು ಬೇಕು. ಉಳಿದ ಹಣ್ಣುಗಳ ಲೆಕ್ಕವೆಲ್ಲ ಅದಕ್ಕೆ ಹೋಲಿಸಿಯೇ. ಅದನ್ನು ತಂದುಕೊಡಲು ಒಪ್ಪಿದವನು ಒಬ್ಬ ತೋಟದವನು. ಅವನ ಹಿತ್ತಲಿನ ನೀರಿನ ತೊಟ್ಟಿಯ ಪಕ್ಕ ಔಷಧಿಯನ್ನೇ ಕಾಣದ ಒಂದು ದಾಳಿಂಬೆ ಗಿಡವಿತ್ತು.

ಪ್ರತಿ ಸೋಮವಾರ ಚೀಲ ಹಿಡಿದು ಬರುತ್ತಿದ್ದ. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡುವ ಹುಡುಗಿ ಹಣ್ಣನ್ನು ತಿರುಗಿಸಿ ನೋಡುತ್ತಿದ್ದಳು. ಅವನು ಅವಳ ಬೆರಳುಗಳನ್ನು ನೋಡುತ್ತಿದ್ದ.

"ಇದರಲ್ಲೂ ತೂತು. ನಿಮ್ಮ ಗಿಡ ಹಣ್ಣು ಬಿಡುತ್ತೋ, ಹುಳ ಬಿಡುತ್ತೋ?"

"ಹುಳಕ್ಕೆ ರುಚಿ ಗೊತ್ತು ಮೇಡಂ. ನಿಮಗೇ ಗೊತ್ತಿಲ್ಲ."

"ತಿನ್ನೋ ಹಾಗಿರೋದು ಒಂದಾದ್ರೂ ತಂದಿದ್ದೀರಾ?"

ಅವನ ಕಿವಿ ಕೆಂಪಾಯಿತು. ಅವಳು ನೋಡಿಯೂ ನೋಡದವಳಂತೆ ಕೈಗವಸು ಹಾಕಿಕೊಂಡಳು.

ಮುಂದಿನ ಕೊಯ್ಲಿನ ಹಣ್ಣುಗಳ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

"ಅರ್ಧ ನಿಮ್ಮ ಟೆಸ್ಟ್ ಮಿಷನ್ನಿಗೆ, ಅರ್ಧ ನಿಮಗೆ."

"ಲಂಚಾನಾ?"

"ಅಮ್ಮನ್ನ ಕರ್ಕೊಂಡು ನಿಮ್ಮ ಮನೆಗೆ ಬರಲಾ ಅಂತ ಕೇಳ್ಬೇಕಿತ್ತು. ಬರಿಗೈಲಿ ಹೇಗೆ ಕೇಳೋದು?"

ಅವಳು ತೂಕದ ತಟ್ಟೆಯನ್ನು ಸುಮ್ಮನೆ ಒರೆಸಿದಳು. "ಭಾನುವಾರ ಬನ್ನಿ. ಅಪ್ಪ ಮಾತಾಡಲ್ಲ, ಹೆದರ್ಕೋಬೇಡಿ."

ಹೊಸ ಚೀಲದ ಹಣ್ಣನ್ನು ಮೊದಲು ಮಿಷನ್ನಿಗೆ ಹಾಕಿ ಪರೀಕ್ಷಿಸಬೇಕೆಂಬುದು ನಿಯಮ. ಅಂದು ಅವಳು ಪರೀಕ್ಷಿಸಲಿಲ್ಲ. ಸಿಪ್ಪೆಸಹಿತ ಅರೆದು ಕೆಲಸ ಶುರುಮಾಡಿದಳು. ತನ್ನ ಪಾಲಿನದರಲ್ಲಿ ಒಂದನ್ನು ಬಿಡಿಸಿ ತಿಂದಳು. ಸಿಹಿಯಾಗಿತ್ತು.

ಶುಕ್ರವಾರ ನೋಡಿದರೆ ಎಲ್ಲ ತೋಟಗಳ ವಿಷದ ಅಂಕಿಯೂ ಒಟ್ಟಿಗೇ ಇಳಿದಿತ್ತು. ಒಂದೇ ವಾರದಲ್ಲಿ ಇಷ್ಟು ಜನ ಒಳ್ಳೆಯವರಾಗುವುದಿಲ್ಲ. ಅವಳು ಹಿತ್ತಲಿನ ಹಣ್ಣನ್ನಷ್ಟೇ ಮಿಷನ್ನಿಗೆ ಹಾಕಿದಳು. ಪರದೆಯ ಮೇಲೆ ಮಟ್ಟಸವಾಗಿ ಸಾಗಬೇಕಿದ್ದ ಗೆರೆ ಚೂಪಾಗಿ ಎದ್ದು ನಿಂತಿತು. ಹೋಲಿಕೆಯ ಹಣ್ಣಿನಲ್ಲೇ ವಿಷವಿತ್ತು; ಅಷ್ಟನ್ನು ಕಳೆದೇ ಉಳಿದವರ ಲೆಕ್ಕ ಬಂದಿತ್ತು.

ಫೋನ್ ಮಾಡಿದಳು. "ಗಿಡಕ್ಕೆ ಏನು ಹೊಡೆದ್ರಿ?"

"ಒಂದೇ ಸಲ. ನೀವು ತೂತು ಅಂದ್ರಲ್ಲ... ನಿಮಗೆ ಕೊಡೋದು ಚೆನ್ನಾಗಿರ್ಲಿ ಅಂತ."

"ಅದನ್ನ ನನಗೆ ಹೇಳೋಕೇನಾಗಿತ್ತು?"

"ಹೇಳಿದ್ರೆ ಬೇರೆಯವರ ಹಣ್ಣು ತರಿಸ್ಕೋತಿದ್ರಿ. ಸೋಮವಾರ ಬರೋಕೆ ನನಗೆ ಇನ್ನೇನು ನೆಪ?"

ಅವಳಿಗೆ ನಗು ಬಂತು. ಅದರ ಹಿಂದೆಯೇ ಅಳು ಬಂತು. ಫೋನ್ ಇಟ್ಟು, ಎದ್ದು ಮುಖ್ಯಸ್ಥರ ಕೋಣೆಗೆ ಹೋದಳು.

"ಪರೀಕ್ಷಿಸದೆ ಯಾಕಮ್ಮ ತಗೊಂಡೆ?"

"ನಂಬಿದ್ದೆ ಸರ್."

"ನಂಬೋದಾದ್ರೆ ಮಿಷನ್ ಯಾಕೆ ಬೇಕಿತ್ತು?"

ವರದಿಗಳನ್ನು ವಾಪಸು ಪಡೆದರು. ಅವನ್ನು ನಂಬಿ ಹೊರಟಿದ್ದ ಹಣ್ಣಿನ ಲಾರಿಗಳನ್ನು ತಡೆದರು. ಅವುಗಳಲ್ಲೊಂದು ತೋಟದವನ ಅಣ್ಣನದು.

ಶನಿವಾರ ಅವನು ಗೇಟಿನ ಹತ್ತಿರ ಕಾದು ನಿಂತಿದ್ದ. "ಅಣ್ಣ ಮನೆಯಲ್ಲಿ ಮಾತು ಬಿಟ್ಟಿದ್ದಾನೆ. ಪರವಾಗಿಲ್ಲ. ನಾಳೆ ಬರ್ತೀವಿ, ಅಲ್ವಾ?"

"ಬರಬೇಡಿ."

"ನಿಮಗೋಸ್ಕರ ಮಾಡಿದ್ದು."

"ಗೊತ್ತು. ಅದಕ್ಕೇ. ಇನ್ನು ನಿಮ್ಮ ಕೈಯಿಂದ ಏನು ತಗೊಂಡ್ರೂ ಮೊದಲು ಮಿಷನ್ನಿಗೆ ಹಾಕಿ ನೋಡ್ಬೇಕು ಅನ್ಸುತ್ತೆ. ಹಾಗೆ ಬಾಳೋಕಾಗಲ್ಲ."

ಅವಳ ತೋಳಿನ ಮೇಲೆ ಒಣಸಿಪ್ಪೆಯ ಚೂರೊಂದು ಅಂಟಿಕೊಂಡಿತ್ತು. ತೆಗೆಯಲು ಅವನ ಕೈ ಮುಂದೆ ಬಂತು, ಅರ್ಧಕ್ಕೇ ನಿಂತಿತು. ಅವಳೇ ತೆಗೆದು ಹಾಕಿದಳು.

ಹೋದದ್ದು ಇಷ್ಟು: ಒಂಬತ್ತು ವರದಿ, ಎರಡು ಲಾರಿ ಹಣ್ಣು, ಅವಳಿಗೆ ಬರಬೇಕಿದ್ದ ಬಡ್ತಿ, ಒಂದು ಭಾನುವಾರ. ಮುಂದಿನ ಸೋಮವಾರಗಳಷ್ಟೂ.